ರಕ್ತ ಏರಿಸುವ ಪುಡಿ ನಂಬಿ ಕಾಕ್ಸಿ ಔಷಧಿ ನಿಲ್ಲಿಸಬೇಡಿ

ಬ್ರಾಯ್ಲರ್ ಸಾಕುವವರು ದಯವಿಟ್ಟು ಪೂರ್ತಿ ಓದಿ. ಹೋದ ಮಳೆಗಾಲದ ಬ್ಯಾಚಿನಲ್ಲಿ ನನ್ನ 2,000 ಕೋಳಿಗಳಲ್ಲಿ 260 ಸತ್ತವು. ಉಳಿದವು 42 ದಿನಕ್ಕೂ ಒಂದೂವರೆ ಕೆಜಿ ದಾಟಲಿಲ್ಲ.

ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಕಂಪನಿ ಕರಾರು ಇಲ್ಲ, ಮರಿ ನಾನೇ ತರುತ್ತೇನೆ. ಗೋವಿನಜೋಳಕ್ಕೆ ಇಲ್ಲಿ ಕೊರತೆ ಇಲ್ಲ ನೋಡಿ, ಸೋಯಾ ಹಿಂಡಿ, ಪ್ರಿಮಿಕ್ಸ್ (ವಿಟಮಿನ್, ಖನಿಜಗಳ ಮಿಶ್ರಣ) ಸೇರಿಸಿ ಫೀಡನ್ನೂ ನಾನೇ ಮಾಡಿಸುತ್ತೇನೆ. ಕಾಕ್ಸಿ, ಅಂದರೆ ಕೋಳಿಗಳ ರಕ್ತಭೇದಿ, ಬರದ ಹಾಗೆ ಅದರಲ್ಲಿ ಸಲಿನೋಮೈಸಿನ್ ಎಂಬ ಔಷಧಿ ಹಾಕಿಸುವುದು ಮೊದಲಿನಿಂದ ರೂಢಿ.

ಒಬ್ಬರು ಪುಡಿ ಮಾರಲು ಬಂದರು. ಬೇವು, ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು. "ಅಣ್ಣಾರ, ಇದನ್ನ ಹಾಕಿದ್ರ ರಕ್ತ ಏರತೈತಿ, ರೋಗ ಹತ್ರ ಸುಳಿಯಂಗಿಲ್ಲ. ಆ ಕೆಮಿಕಲ್ ಯಾಕ ಹಾಕ್ತೀರಿ, ಬಿಡ್ರಿ" ಎಂದರು. ಯಾವುದೋ ಶೆಡ್ಡಿನ ಲ್ಯಾಬ್ ಚೀಟಿ ತೋರಿಸಿದರು. ರಕ್ತದ ಪಿಸಿವಿ ಎಂಬ ಅಳತೆ 29 ಇದ್ದದ್ದು 36 ಆಗಿತ್ತು. ನಾನು ನಂಬಿದೆ. ಆ ಬ್ಯಾಚಿಗೆ ಸಲಿನೋಮೈಸಿನ್ ಹಾಕಿಸಲೇ ಇಲ್ಲ.

24ನೇ ದಿನ. ಮೂರು ದಿನದ ಜಡಿಮಳೆಗೆ ಎರಚಲು ಹೊಡೆದು, ಪರದೆ ಪಕ್ಕ ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಒದ್ದೆಯಾಗಿ ಗಟ್ಟಿ ಹೆಂಟೆ ಕಟ್ಟಿತ್ತು. ಬೆಳಿಗ್ಗೆ ಅದರ ಮೇಲೆ ಅಲ್ಲಲ್ಲಿ ಕೆಂಪು ಹಿಕ್ಕೆ. ಕೋಳಿಗಳು ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ಒಂದನ್ನು ಎತ್ತಿಕೊಂಡು ನೋಡಿದೆ. ಜುಟ್ಟು ಬಿಳಚಿಕೊಂಡು ಹಳೆ ಮೇಣದ ಬಣ್ಣಕ್ಕೆ ತಿರುಗಿತ್ತು.

ಮಾರಿದವರಿಗೆ ಫೋನ್ ಮಾಡಿದೆ. "ರಕ್ತ ಶುದ್ಧ ಆಗಾಕತ್ತೈತಿ, ಪುಡಿ ಡಬಲ್ ಹಾಕ್ರಿ" ಎಂದರು. ಹಾಕಿದೆ. ಬೇವಿನ ಕಹಿಗೆ ಕೋಳಿಗಳು ಫೀಡು ಮುಟ್ಟುವುದನ್ನೇ ಕಡಿಮೆ ಮಾಡಿದವು. ಹಾಗೆ ಎರಡು ದಿನ ಹೋಯಿತು. ಈಗಲೂ ನನಗೆ ಸಂಕಟ ಆಗುವುದು ಆ ಎರಡು ದಿನ ನೆನೆದರೆ.

ಕೊನೆಗೆ ಪಶು ಡಾಕ್ಟರ ಹತ್ತಿರ ಸತ್ತ ಕೋಳಿ ಒಯ್ದೆ. ಅವರು ಕೊಯ್ದು ತೋರಿಸಿದರು. ಕರುಳಿನ ತುದಿಯಲ್ಲಿರುವ ಎರಡು ಕುರುಡು ಚೀಲಗಳು ಬೆರಳು ದಪ್ಪ ಊದಿ, ಒಳಗೆ ಹೆಪ್ಪುಗಟ್ಟಿದ ರಕ್ತ ತುಂಬಿತ್ತು. ಕಾಕ್ಸಿ ತರುವ ಐಮೀರಿಯಾ ಟೆನೆಲ್ಲಾ ಎಂಬ ಪರಜೀವಿಯ ಕೆಲಸ ಇದು ಎಂದರು. ಹಿಕ್ಕೆಯಲ್ಲಿ ಬಿದ್ದ ಅದರ ತತ್ತಿ ಒದ್ದೆ, ಬೆಚ್ಚಗಿನ ಹೊಟ್ಟಿನಲ್ಲಿ ಒಂದೆರಡು ದಿನದಲ್ಲೇ ರೋಗ ಹರಡಲು ತಯಾರಾಗುತ್ತದಂತೆ. ಕರುಳಿನಿಂದ ರಕ್ತ ಸೋರಿ ಹೋಗುತ್ತಿರುವಾಗ ಮೇಲಿಂದ ಎಷ್ಟು ಸೊಪ್ಪಿನ ಪುಡಿ ಹಾಕಿದರೇನು?

ನೀರಿನಲ್ಲಿ ಕೊಡಲು ಆಂಪ್ರೋಲಿಯಂ ಬರೆದರು. ಕೋಳಿ ಸುಸ್ತಾಗಿವೆ ಅಂತ ನಾನು ಬಿ ಕಾಂಪ್ಲೆಕ್ಸೂ ಬೆರೆಸುವವನಿದ್ದೆ, ತಡೆದರು. ಆಂಪ್ರೋಲಿಯಂ ಕೆಲಸ ಮಾಡುವುದೇ ಆ ಪರಜೀವಿಗೆ, ಬಿ ಕಾಂಪ್ಲೆಕ್ಸಿನಲ್ಲಿ ಇರುವ ಬಿ1 ವಿಟಮಿನ್ ಸಿಗದ ಹಾಗೆ ನೋಡಿಕೊಂಡು. ಜೊತೆಗೆ ಬಿ1 ಸುರಿದರೆ ಔಷಧಿಯ ಬಲ ಕುಗ್ಗುತ್ತದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ.

ಆ ಲ್ಯಾಬ್ ಚೀಟಿಯ ವಿಷಯವನ್ನೂ ಕೇಳಿದೆ. ಪಿಸಿವಿ ಅಂದರೆ ರಕ್ತದಲ್ಲಿ ಕಣಗಳ ಪಾಲು ಎಷ್ಟು ಅನ್ನುವುದು. ಕೋಳಿಗೆ ಸಾಮಾನ್ಯವಾಗಿ ಶೇ. 22ರಿಂದ 35. ನೀರು ಸಾಲದೆ ರಕ್ತ ಮಂದವಾದರೂ ಅದು ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ಸಾಯುವ ಬ್ರಾಯ್ಲರ್‌ಗಳಲ್ಲೂ ಅದು ಜಾಸ್ತಿಯೇ ಇರುತ್ತದೆ. ಆಕ್ಸಿಜನ್ ಸಾಲದೆ ದೇಹ ಕಣಗಳನ್ನು ಹೆಚ್ಚಿಸುತ್ತಾ ಹೋಗುತ್ತದೆ, ದಪ್ಪ ರಕ್ತ ತಳ್ಳಿ ತಳ್ಳಿ ಹೃದಯ ಸೋಲುತ್ತದೆ. ಹಾಗಾಗಿ ಪಿಸಿವಿ ಏರಿತು ಅಂದ ಮಾತ್ರಕ್ಕೆ ಕೋಳಿ ಗಟ್ಟಿ ಅಂತ ಅಲ್ಲ.

ಗಿಡಮೂಲಿಕೆ ಎಲ್ಲಾ ಸುಳ್ಳು ಅನ್ನುತ್ತಿಲ್ಲ. ಆದರೆ ಕಾಕ್ಸಿ ಔಷಧಿ ಬಿಡಿ ಅಂತ ಯಾರಾದರೂ ಹೇಳಿದರೆ, ನಿಮ್ಮ ಡಾಕ್ಟರನ್ನು ಕೇಳದೆ ಬಿಡಬೇಡಿ. ನನಗೆ ಕೊಟ್ಟ ಚೀಲದ ಮೇಲೆ ಬ್ಯಾಚ್ ನಂಬರ್ ಇರಲಿಲ್ಲ, ತಯಾರಾದ ತಾರೀಖೂ ಇರಲಿಲ್ಲ. ಇಷ್ಟನ್ನಾದರೂ ನಾನು ಮೊದಲೇ ನೋಡಬೇಕಿತ್ತು. ಮಳೆಗಾಲದಲ್ಲಿ ಒದ್ದೆ ಹೊಟ್ಟನ್ನು ಅವತ್ತೇ ತೆಗೆದು ಒಣ ಹೊಟ್ಟು ಹಾಕಿ. ಹಿಕ್ಕೆಯಲ್ಲಿ ರಕ್ತ ಕಂಡರೆ, ಸತ್ತ ಕೋಳಿಯನ್ನು ಹೂಳುವ ಮೊದಲು ಡಾಕ್ಟರ ಹತ್ತಿರ ಒಯ್ದು ಕೊಯ್ಸಿ ನೋಡಿಸಿ.