‘ಡ್ರಿಪ್‌ಗೆ ಬಿಡುವ ಕ್ಯಾಲ್ಸಿಯಂ’ ಎಂದು ಬಿಳಿ ಪುಡಿ ಮಾರುತ್ತಿದ್ದಾರೆ, ಟೊಮೆಟೊ ಬೆಳೆದವರು ಹುಷಾರು

ಆಂಧ್ರದ ಗಡಿಯ ಮಡಕಶಿರಾ ಸುತ್ತಮುತ್ತ, ಅಗಳಿ, ರೊಳ್ಳ, ಅಮರಾಪುರದ ಕಡೆ ಬೇಸಿಗೆ ಟೊಮೆಟೊ ಹಾಕಿರುವವರು ದಯವಿಟ್ಟು ಓದಿ. ಟೆಂಪೊದಲ್ಲಿ ಚೀಲ ಹೇರಿಕೊಂಡು ತೋಟಕ್ಕೇ ಬಂದು ಕ್ಯಾಲ್ಸಿಯಂ ಎಂದು ಬಿಳಿ ಪುಡಿ ಮಾರುವವನಿಂದ ಏನನ್ನೂ ಕೊಳ್ಳಬೇಡಿ. ಕೊಂಡಿದ್ದರೆ ಡ್ರಿಪ್‌ಗೆ, ಅಂದರೆ ಹನಿ ನೀರಾವರಿ ಪೈಪಿಗೆ, ಬಿಡಬೇಡಿ. ಬಿಟ್ಟಿದ್ದರೆ ಇವತ್ತೇ ಪೈಪುಗಳ ತುದಿ ಬಿಚ್ಚಿ ಜೋರಾಗಿ ನೀರು ಹರಿಸಿ.

ಏಪ್ರಿಲ್ ಬಿಸಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬೋರ್‌ವೆಲ್ ನೀರು ಇಳಿದಿತ್ತು, ಕರೆಂಟು ಬಂದಾಗ ಬಿಟ್ಟದ್ದೇ ನೀರು. ಕಾಯಿಗಳ ತುದಿ ಕಪ್ಪಾಗತೊಡಗಿತ್ತು. ಆ ಹೊತ್ತಿಗೆ ಸರಿಯಾಗಿ ಇವನು ಬಂದ. ಇಲ್ಲಿ ನಮಗೆ ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ತೆಲುಗು, ಗೊಬ್ಬರದ ಚೀಟಿಯಲ್ಲೂ ತೆಲುಗು. ಹಾಗಿರುವಾಗ ಗಡಿಯಾಚೆ ಕರ್ನಾಟಕದವನೊಬ್ಬ ಬಂದು ಅಚ್ಚ ಕನ್ನಡದಲ್ಲಿ, ‘ಅಣ್ಣಾ, ಇಂಥ ಕಾಯಿ ಹೀಗಾಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ’ ಎಂದರೆ ಯಾರು ತಾನೇ ಮಾತನಾಡಿಸುವುದಿಲ್ಲ? ಕಾಫಿ ಕೊಟ್ಟೆ. ಆ ಕಾಫಿ ನೆನಪಾದರೆ ಈಗಲೂ ಮೈ ಉರಿಯುತ್ತದೆ.

25 ಕಿಲೋ ಚೀಲಕ್ಕೆ 1,250 ರೂಪಾಯಿ. ಕ್ಯಾಲ್ಸಿಯಂ ನೈಟ್ರೇಟ್, ಪೇಟೆಗಿಂತ ಕಡಿಮೆ ಬೆಲೆ, ಡ್ರಮ್ಮಿನಲ್ಲಿ ಕಲಸಿ ವೆಂಚುರಿಯಲ್ಲಿ (ಗೊಬ್ಬರದ ನೀರನ್ನು ಡ್ರಿಪ್ ಪೈಪಿಗೆ ಎಳೆದುಕೊಳ್ಳುವ ಸಾಧನ) ಬಿಟ್ಟರೆ ವಾರದಲ್ಲಿ ಕಪ್ಪು ನಿಲ್ಲುತ್ತದೆ ಎಂದ. ನಾಲ್ಕು ಚೀಲ ಇಳಿಸಿದ. ಕಲಸಿದಾಗ ನೀರು ಹಾಲಿನಂತೆ ಬೆಳ್ಳಗಾಯಿತು. ‘ಇಷ್ಟು ಬೆಳ್ಳಗೇಕೆ?’ ಎಂದು ಆಗಲೇ ಫೋನ್ ಮಾಡಿ ಕೇಳಿದೆ. ‘ಕ್ಯಾಲ್ಸಿಯಂ ಜಾಸ್ತಿ ಇರುವುದಕ್ಕೇ ಹಾಗೆ, ಅಣ್ಣಾ. ಬೇರೆಯವರ ಮಾಲಿನಲ್ಲಿ ಇಷ್ಟು ಬಿಳುಪು ಸಿಗುವುದೇ ಇಲ್ಲ’ ಎಂದ. ಎಂಥ ಉತ್ತರ ನೋಡಿ!

ಕಪ್ಪು ನಿಲ್ಲುವುದಿರಲಿ, ಸಾಲಿನ ಕೊನೆಯ ಗಿಡಗಳು ಮಧ್ಯಾಹ್ನ ಜೋಲುಬೀಳತೊಡಗಿದವು. ಬುಡಕ್ಕೆ ಹೊದಿಸಿದ್ದ ಮಲ್ಚಿಂಗ್ ಹಾಳೆ ಎತ್ತಿ ನೋಡಿದರೆ ಡ್ರಿಪ್ಪರ್‌ಗಳಿಂದ ಹನಿಯೇ ಇಲ್ಲ. ಪೈಪು ಕತ್ತರಿಸಿದೆ, ಒಳಗೆಲ್ಲ ಬಿಳಿ ಕೆಸರು.

ಅಂದು ಸಂಜೆ ಹತ್ತನೇ ತರಗತಿಯಲ್ಲಿರುವ ಮಗಳು ಒಂದು ಲೋಟದಲ್ಲಿ ಆ ಪುಡಿ, ಇನ್ನೊಂದರಲ್ಲಿ ಪಕ್ಕದ ತೋಟದಿಂದ ತಂದ ಅಸಲಿ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ನೀರು ಸುರಿದಳು. ಅಸಲಿಯದು ಕರಗಿ ತಿಳಿಯಾಯಿತು, ಲೋಟ ಮುಟ್ಟಿದರೆ ತಣ್ಣಗಾಗಿತ್ತು. ನಮ್ಮದು ತಳದಲ್ಲಿ ಹಾಗೇ ಕುಳಿತಿತ್ತು. ನೀರು ಬಸಿದು, ತಳದ ಪುಡಿಯ ಮೇಲೆ ನಿಂಬೆಹಣ್ಣು ಹಿಂಡಿದಳು. ಚುರ್ ಎಂದು ನೊರೆ ಎದ್ದಿತು. ‘ಅಪ್ಪಾ, ಇದು ಸುಣ್ಣಕಲ್ಲಿನ ಪುಡಿ’ ಎಂದಳು. ಪಕ್ಕದ ತೋಟದವರೂ ಅಲ್ಲೇ ನಿಂತಿದ್ದರು. ನಗಲಿಲ್ಲ, ಪಾಪ. ನಕ್ಕಿದ್ದರೇ ವಾಸಿ ಇತ್ತು. ಐದು ಸಾವಿರ ಕೊಟ್ಟು ಸುಣ್ಣಕಲ್ಲಿನ ಪುಡಿ!

ಫೋನ್ ಮಾಡಿದರೆ ಮೊದಲು, ‘ನಿಮ್ಮ ಬೋರ್ ನೀರಿನಲ್ಲೇ ಉಪ್ಪು ಜಾಸ್ತಿ’. ನಿಂಬೆಹಣ್ಣಿನ ವಿಷಯ ಹೇಳಿದೆ. ‘ಗೊಬ್ಬರಕ್ಕೆ ಯಾರಾದರೂ ನಿಂಬೆಹಣ್ಣು ಹಿಂಡುತ್ತಾರೆಯೇ?’ ಎಂದು ನಕ್ಕ. ಆಮೇಲೆ, ‘ಬೇರೆ ಯಾರೂ ದೂರು ಹೇಳಿಲ್ಲ’. ಆಮೇಲೆ, ‘ನೀವು ಹಾಕಿದ್ದು ಸಾಲದು, ಇನ್ನೆರಡು ಚೀಲ ಬಿಡಿ’. ಇನ್ನೆರಡು ಚೀಲವಂತೆ! ಮಾರುವಾಗ ‘ಅಣ್ಣಾ’ ಎಂದವನು ಈಗ ‘ನೋಡಿ ಸ್ವಾಮಿ, ಬಿಲ್ ಇದ್ದರೆ ಮಾತನಾಡಿ’ ಎನ್ನುತ್ತಾನೆ. ಬಿಲ್ ಕೇಳಿದ್ದಕ್ಕೆ ‘ನಾಳೆ ಕಳಿಸುತ್ತೇನೆ’ ಎಂದವನೂ ಇವನೇ.

ನಮ್ಮ ಕಡೆಯ ಕೃಷಿ ಅಧಿಕಾರಿ, ಮಾರಿದವನ ಗೋದಾಮು ಕರ್ನಾಟಕದಲ್ಲಿದೆ, ಅಲ್ಲಿ ಹೇಳಿ ಎಂದರು. ಅಲ್ಲಿಯವರು, ನಿಮ್ಮ ಹೊಲ ಆಂಧ್ರದಲ್ಲಿದೆ, ಅಲ್ಲೇ ಹೇಳಿ ಎಂದರು. ಇಂಥ ಕಡೆಗೇ ಬಂದು ಮಾರುವುದು ಸುಮ್ಮನೆ ಅಲ್ಲ.

ಅವನು ಹೇಳಿದ್ದೆಲ್ಲ ಸುಳ್ಳಾಗಿದ್ದರೆ ನಾನೂ ನಂಬುತ್ತಿರಲಿಲ್ಲ. ತುದಿ ಕಪ್ಪಾಗುವುದು ಕಾಯಿಗೆ ಕ್ಯಾಲ್ಸಿಯಂ ಸಾಲದೇ, ಅದು ನಿಜ. ಆದರೆ ಕ್ಯಾಲ್ಸಿಯಂ ಮಣ್ಣಿನಲ್ಲಿದ್ದರೂ ನೀರಿನ ಜೊತೆಗೇ ಮೇಲೇರಬೇಕು, ಬಿಸಿಗಾಳಿಗೆ ಎಲೆಗಳೇ ಅದನ್ನೆಲ್ಲ ಎಳೆದುಕೊಳ್ಳುತ್ತವೆ. ಮೂರು ದಿನ ಒಣಗಿಸಿ ನಾಲ್ಕನೆಯ ದಿನ ಮುಳುಗಿಸಿದರೆ ಯಾವ ಚೀಲವೂ ಕಾಯಿಯನ್ನು ಕಾಪಾಡುವುದಿಲ್ಲ. ದಿನಾ ಬೆಳಗ್ಗೆ ಅಳತೆಯಾಗಿ ನೀರು, ಬುಡಕ್ಕೆ ಹೊದಿಕೆ, ಯೂರಿಯಾ ಕಡಿಮೆ, ಇಷ್ಟೇ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತು ಎಸೆಯಿರಿ. ಅಸಲಿ ಕ್ಯಾಲ್ಸಿಯಂ ನೈಟ್ರೇಟನ್ನೇ ಡ್ರಿಪ್‌ಗೆ ಬಿಡುವಾಗಲೂ ಅದೇ ಡ್ರಮ್ಮಿಗೆ ಫಾಸ್ಫೇಟ್, ಸಲ್ಫೇಟ್ ಗೊಬ್ಬರ ಸೇರಿಸಬೇಡಿ, ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚುತ್ತದೆ. ಡ್ರಿಪ್‌ಗೆ ಬಿಡುವುದು ಏನೇ ಇರಲಿ, ಮೊದಲು ಒಂದು ಲೋಟದಲ್ಲಿ ಕಲಸಿ ನೋಡಿ. ಚೀಲದ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಪೋಷಕಾಂಶದ ಪ್ರಮಾಣ ಇಲ್ಲದಿದ್ದರೆ ಟೆಂಪೊದಿಂದ ಇಳಿಸಲೇ ಬಿಡಬೇಡಿ. ನನ್ನ ಚೀಲಗಳ ಮೇಲೆ ಟೊಮೆಟೊ ಚಿತ್ರ ಮಾತ್ರ ದೊಡ್ಡದಾಗಿತ್ತು.

ಆಸಿಡ್ ಬಿಟ್ಟು ಡ್ರಿಪ್ ತೊಳೆಸಿದ್ದೇನೆ. ಎಷ್ಟೋ ಪೈಪು ಹೊಸದೇ ಹಾಕಬೇಕಾಯಿತು. ಬಿಲ್ ಇಲ್ಲದಿದ್ದರೂ ಮೊಬೈಲಿನಲ್ಲಿ ದುಡ್ಡು ಕಳಿಸಿದ ದಾಖಲೆ ಇದೆ, ಹೊಲಿಗೆ ಬಿಚ್ಚದ ಚೀಲ ಒಂದು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವನು ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಡುತ್ತಿದ್ದೇನೆ. ಅದು ಕಿವಿಗೆ ಬಿದ್ದ ಮೇಲೆ ಅವನೇ ಫೋನ್ ಮಾಡಿ, ಅರ್ಧ ದುಡ್ಡು ಕೊಡುತ್ತೇನೆ, ಉಳಿದ ಚೀಲ ವಾಪಸ್ ಕೊಡಿ ಎನ್ನುತ್ತಿದ್ದಾನೆ. ಕೊಡುವುದಿಲ್ಲ. ನಿಮ್ಮಲ್ಲಿಯೂ ಅವನ ಚೀಲ ಇದ್ದರೆ ಯಾವ ಕಾರಣಕ್ಕೂ ಹಿಂದಿರುಗಿಸಬೇಡಿ.