ಪಾಂಜರ್‌ಗ್ರನಾಟೆ 40: ಒಬ್ಬ ಟರ್ನರ್ ಕೊಡುವ ಮಾರ್ಕು

ನಾನು ಲೇತ್ ಮುಂದೆ ನಿಂತು ಸಂಸಾರ ಸಾಗಿಸಿದವನು. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ನಿರೋಧಕ ಗುಂಡುಗಳಲ್ಲಿ ನನಗೆ ಕುತೂಹಲ ಇರುವುದು ಈ ಪಾಂಜರ್‌ಗ್ರನಾಟೆ 40 ಮೇಲೇ. ಯಾಕೆಂದರೆ ಇದರ ಹೊಟ್ಟೆಯಲ್ಲಿರುವುದು ನಮ್ಮ ಟೂಲ್ ತುದಿಯ ಮಾಲು, ಟಂಗ್‌ಸ್ಟನ್ ಕಾರ್ಬೈಡ್. ಕ್ರುಪ್ ಕಂಪನಿ 1920ರ ದಶಕದಲ್ಲಿ ವಿಡಿಯಾ ಹೆಸರಲ್ಲಿ ಮಾರುಕಟ್ಟೆಗೆ ತಂದದ್ದು. ತುಮಕೂರು ರಸ್ತೆಯ ವಿಡಿಯಾ ಫ್ಯಾಕ್ಟರಿ ಗೊತ್ತಿರುವವರಿಗೆ ಇದು ಹೊಸ ಸಂಗತಿ ಅಲ್ಲ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಜರ್ಮನರ 37 ಮಿ.ಮೀ. ಟ್ಯಾಂಕ್ ನಿರೋಧಕ ಫಿರಂಗಿ ಪಾಕ್ 36ರ ಆಟ ಟ್ಯಾಂಕಿನ ದಪ್ಪ ಕವಚದ ಮುಂದೆ ನಡೆಯುತ್ತಿರಲಿಲ್ಲ. ಅವರ ಸೈನಿಕರೇ ಅದನ್ನು ‘ಬಾಗಿಲು ತಟ್ಟೋ ಯಂತ್ರ’ ಅಂತ ಆಡಿಕೊಂಡರು. 1940ರಲ್ಲಿ ಈ ಗುಂಡು ಬಂತು. ಮಾಮೂಲಿ ಗುಂಡು ಸುಮಾರು 680 ಗ್ರಾಂ, ಇದು 370ರ ಆಸುಪಾಸು. ಮೆತ್ತನೆ ಕಬ್ಬಿಣದ ಮೈ, ನಡುವೆ ಸಣ್ಣ ಕಾರ್ಬೈಡ್ ತಿರುಳು. ಹಗುರ ಅಲ್ವಾ, ಸೆಕೆಂಡಿಗೆ 1000 ಮೀಟರ್ ಮೀರಿದ ವೇಗದಲ್ಲಿ ಹೊರಡುತ್ತದೆ. 100 ಮೀಟರ್ ದೂರದಲ್ಲಿ ಮಾಮೂಲಿ ಗುಂಡಿಗಿಂತ ಸುಮಾರು ಎರಡರಷ್ಟು ದಪ್ಪದ ಕವಚ ತೂರುತ್ತಿತ್ತು.

500 ಮೀಟರ್‌ಗೆ ಹೋಗುವಷ್ಟರಲ್ಲಿ ಕಥೆ ಮುಗಿಯಿತು. ಹಗುರ ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ. ಅಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಒಳಗೆ ಸಿಡಿಮದ್ದೂ ಇಲ್ಲ.

ನನ್ನ ದೊಡ್ಡ ತಕರಾರು ಮಾಲಿನದು. ಯುದ್ಧಕ್ಕೆ ಮುಂಚೆ ಜರ್ಮನಿಗೆ ಟಂಗ್‌ಸ್ಟನ್ ಹೆಚ್ಚಾಗಿ ಚೀನಾದಿಂದ ಬರುತ್ತಿತ್ತು. ಆ ದಾರಿ ಮುಚ್ಚಿದ ಮೇಲೆ ಪೋರ್ಚುಗಲ್, ಸ್ಪೇನ್ ಗತಿಯಾದವು. 1944ರ ಜೂನ್‌ನಲ್ಲಿ ಪೋರ್ಚುಗಲ್ ಕೂಡ ಕೈ ಎತ್ತಿತು. ಫಿರಂಗಿ ಕೊರೆಯಲು, ಎಂಜಿನ್ ಬ್ಲಾಕ್ ಕಡೆಯಲು ಬೇಕಾದದ್ದೂ ಇದೇ ಕಾರ್ಬೈಡ್. ಟೂಲಿಗೆ ಹಾಕಿದರೆ ಸಾಣೆ ಹಿಡಿದು ಮತ್ತೆ ಮತ್ತೆ ಬಳಸಬಹುದು. ಗುಂಡಿಗೆ ಹಾಕಿದರೆ ಒಂದೇ ಏಟಿಗೆ ಖಾಲಿ. ಯಾವ ಸ್ಟೋರ್ ಇನ್‌ಚಾರ್ಜ್ ಒಪ್ಪುತ್ತಾನೆ ಹೇಳಿ? ಇದೇ ತಿರುಳಿನ ಗುಂಡು ಹಾರಿಸುವ, ಬಾಯಿಯ ಕಡೆ ಕಿರಿದಾಗುವ ನಳಿಗೆಯ ಫಿರಂಗಿಗಳೂ ಇದೇ ಬರದಿಂದ ಬಡವಾದವು. 28ರಿಂದ 20 ಮಿ.ಮೀ.ಗೆ ಇಳಿಯುವ ಆ ನಳಿಗೆ ಮಾತ್ರ, ಕೆಲಸಗಾರನಾಗಿ ಹೇಳುತ್ತೇನೆ, ಚೆಂದದ ಕಸುಬು.

ಐದಕ್ಕೆ ಮೂರು ಮಾರ್ಕು ಕೊಡುತ್ತೇನೆ. 75 ಮಿ.ಮೀ. ಪಾಕ್ 40 ಫಿರಂಗಿಗೆ ಕೊಟ್ಟ ಉಕ್ಕಿನ ಪಾಂಜರ್‌ಗ್ರನಾಟೆ 39 ದಿನನಿತ್ಯಕ್ಕೆ ಎಷ್ಟೋ ವಾಸಿ: ಭಾರ ಇದೆ, ಮೂತಿಗೆ ಟೋಪಿ ಇದೆ, ಒಳಗೆ ಮದ್ದಿದೆ. ಹಳೇ 37ಕ್ಕೆ 1942ರಲ್ಲಿ ನಳಿಗೆ ಬಾಯಿಗೆ ಸಿಕ್ಕಿಸುವ ಶ್ಟೀಲ್‌ಗ್ರನಾಟೆ 41 ಎಂಬ ಕೋಲಿನ ಸಿಡಿಗುಂಡು ಕೊಟ್ಟರು. ಅದಕ್ಕೆ ಟಂಗ್‌ಸ್ಟನ್ ಬೇಡ, ಸುಮಾರು 180 ಮಿ.ಮೀ. ತೂರುತ್ತದೆ. ಆದರೆ ಪ್ರತಿ ಸಲ ಒಬ್ಬ ಫಿರಂಗಿ ಮುಂದೆ ಹೋಗಿ ಸಿಕ್ಕಿಸಿ ಬರಬೇಕು, ಅದೂ ಟ್ಯಾಂಕ್ ಎದುರಿಗೆ. ಅದಕ್ಕೆ ಮಾರ್ಕು ನೀವೇ ಹಾಕಿ.