ಮ್ಯೂಟ್ ಮಾಡಿ ನೋಡಿದ ಮೂರು ಜೋಡಿಗಳು

ಈ ಜೋಡಿಯ ಕೆಮಿಸ್ಟ್ರಿ ಚೆನ್ನಾಗಿದೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಅದರಲ್ಲಿ ನಟರ ಪಾಲೆಷ್ಟು, ಹಿನ್ನೆಲೆ ಸಂಗೀತದ ಪಾಲೆಷ್ಟು? ನನಗೆ ಇಷ್ಟವಾದ ಮೂರು ಪ್ರೇಮಕಥೆಯ ಸೀರೀಸ್‌ಗಳ ಮುಖ್ಯ ದೃಶ್ಯಗಳನ್ನು ಮತ್ತೆ ನೋಡಿದೆ. ಮೊದಲು ಮಾಮೂಲಿಯಾಗಿ, ಆಮೇಲೆ ಮ್ಯೂಟ್ ಮಾಡಿ. ಎರಡನೇ ಸಲ ಮಾತಾಡುವವರನ್ನು ಬಿಟ್ಟು, ಕೇಳಿಸಿಕೊಳ್ಳುವವರ ಮುಖವನ್ನೇ ನೋಡಿದೆ.

ಮೊದಲ ನೋಟಕ್ಕೆ ಗೆಲ್ಲುವುದು ಬ್ರಿಡ್ಜರ್ಟನ್ 2ನೇ ಸೀಸನ್ (2022). ಆಂಟನಿಯಾಗಿ ಜೊನಾಥನ್ ಬೈಲಿ, ಕೇಟ್ ಆಗಿ ಸಿಮೋನ್ ಆ್ಯಶ್ಲಿ. ಇರುವ 8 ಕಂತುಗಳಲ್ಲಿ ಮೊದಲ ಮುತ್ತು ಬರುವುದೇ 6ನೆಯದರ ಕೊನೆಗೆ. ಅಲ್ಲಿವರೆಗೆ ಬರೀ ಹತ್ತಿರ ಬರುವುದು, ಉಸಿರು ಬಿಗಿಹಿಡಿಯುವುದು, ಹಿಂದೆ ಸರಿಯುವುದು. ಮ್ಯೂಟ್ ಮಾಡಿದಾಗ ನೃತ್ಯದ ದೃಶ್ಯಗಳು ನನಗೆ ಸ್ವಲ್ಪ ಸಪ್ಪೆ ಅನಿಸಿದವು. ಪಿಟೀಲು ಎಷ್ಟು ಕೆಲಸ ಮಾಡುತ್ತಿತ್ತು ಅಂತ ಆಗ ಗೊತ್ತಾಯಿತು. ಆದರೆ ಜೇನುನೊಣದ ದೃಶ್ಯ ಸ್ವಲ್ಪವೂ ಕುಗ್ಗಲಿಲ್ಲ. ಆಂಟನಿ ಅಪ್ಪನನ್ನು ಕಳೆದುಕೊಂಡಿದ್ದೇ ಜೇನುನೊಣ ಕಚ್ಚಿ. ಹಾಗಾಗಿ ಕೇಟ್‌ಗೆ ಅದು ಕಚ್ಚಿದ ಕೂಡಲೇ ಅವನು ಭಯದಿಂದ ನಡುಗಿಹೋಗುತ್ತಾನೆ. ಕಚ್ಚಿಸಿಕೊಂಡವಳೇ ಅವನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟು ಸಮಾಧಾನ ಮಾಡುತ್ತಾಳೆ. ಇಲ್ಲಿ ಸದ್ದಿನ ಅಗತ್ಯವೇ ಇಲ್ಲ.

ನಾರ್ಮಲ್ ಪೀಪಲ್ (2020) ಇದಕ್ಕೆ ಪೂರ್ತಿ ಉಲ್ಟಾ. ಅರ್ಧರ್ಧ ಗಂಟೆಯ 12 ಕಂತುಗಳು. ಮುತ್ತು ಮೊದಲ ಕಂತಿನಲ್ಲೇ ಬಂದುಬಿಡುತ್ತದೆ. ಹಾಗಾದರೆ ಮುಂದೆ ಕಾಯುವುದು ಯಾವುದಕ್ಕೆ? ಇವರಿಬ್ಬರೂ ಮನಸ್ಸಲ್ಲಿರುವುದನ್ನು ಬಾಯಿಬಿಟ್ಟು ಹೇಳಲಿ ಅಂತ. ಕಾನೆಲ್ ಆಗಿರುವ ಪಾಲ್ ಮೆಸ್ಕಲ್ ಒಂದು ಮಾತು ನುಂಗಿಕೊಂಡರೆ ಮೇರಿಯಾನ್ ಆಗಿರುವ ಡೇಜಿ ಎಡ್ಗರ್-ಜೋನ್ಸ್ ಮುಖದಲ್ಲಿ ಅದು ಕಾಣಿಸುತ್ತದೆ. ಆಪ್ತ ದೃಶ್ಯಗಳಿಗಾಗಿ ಇಂಟಿಮಸಿ ಕೋಆರ್ಡಿನೇಟರ್ (ಇಂಥ ದೃಶ್ಯಗಳನ್ನು ನಟರ ಒಪ್ಪಿಗೆಯಿಂದ ಮೊದಲೇ ಯೋಜಿಸಿಕೊಡುವವರು) ಇಟಾ ಓಬ್ರಯನ್ ಇವರ ಜೊತೆ ಕೆಲಸ ಮಾಡಿದ್ದರು. ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಂಡರೆ ಸಹಜತೆ ಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ತಪ್ಪು. ಭಯವಿಲ್ಲದ ಕಡೆಯೇ ನಟರು ಇಷ್ಟು ಸಲೀಸಾಗಿ ಇರಬಲ್ಲರು.

ಇದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅವರು ಒಂದೇ ಕೋಣೆಯಲ್ಲಿ ಇಲ್ಲದ ಹೊತ್ತು. ಖಿನ್ನತೆಯಲ್ಲಿರುವ ಕಾನೆಲ್ ನಿದ್ದೆ ಹೋಗುತ್ತಾನೆ. ಬೇರೆ ದೇಶದಲ್ಲಿರುವ ಮೇರಿಯಾನ್ ವಿಡಿಯೋ ಕಾಲ್ ಕಟ್ ಮಾಡುವುದಿಲ್ಲ. ಸುಮ್ನೆ ಜೊತೆಗಿರುತ್ತಾಳೆ. ನಟನೆಯ ಮಟ್ಟಿಗೆ ನನ್ನ ಮೊದಲ ಸ್ಥಾನ ಈ ಜೋಡಿಗೇ. ಮ್ಯೂಟ್ ಮಾಡಿದರೂ ಇವರಿಂದ ಕಳೆದುಹೋಗುವುದು ಬಹಳ ಕಡಿಮೆ.

ಹಾಗಿದ್ದರೂ ನಾನು ಪದೇ ಪದೇ ನೋಡುವುದು ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ. 2019ರ ಡಿಸೆಂಬರ್‌ನಲ್ಲಿ ಶುರುವಾದ 16 ಕಂತುಗಳ ಕೊರಿಯನ್ ಸೀರೀಸ್. ಪ್ಯಾರಾಗ್ಲೈಡಿಂಗ್ ಮಾಡುತ್ತಾ ಸುಂಟರಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುವ ಶ್ರೀಮಂತ ಹುಡುಗಿ, ಅವಳನ್ನು ಬಚ್ಚಿಡುವ ಸೈನ್ಯದ ಕ್ಯಾಪ್ಟನ್. ಕ್ಯಾಪ್ಟನ್ ಆಗಿರುವ ಹ್ಯುನ್ ಬಿನ್, ಹುಡುಗಿಯಾಗಿರುವ ಸನ್ ಯೆ-ಜಿನ್ 2018ರಲ್ಲೇ ಒಂದು ಸಿನಿಮಾದಲ್ಲಿ ಒಟ್ಟಿಗೆ ನಟಿಸಿದ್ದರು. ಆದರೆ ಅಲ್ಲಿ ಹೆಚ್ಚಾಗಿ ಮಾತಾಡಿದ್ದು ಮಾನಿಟರ್ ಮೂಲಕ. 2022ರಲ್ಲಿ ನಿಜವಾಗಿಯೂ ಮದುವೆಯಾದರು. ಅದು ಗೊತ್ತಿದ್ದು ನೋಡಿದರೆ ಎಲ್ಲವೂ ನಿಜ ಅನಿಸಿಬಿಡುತ್ತದೆ, ಅಲ್ವಾ? ಅದಕ್ಕೇ ಇಲ್ಲಿ ಸಬ್‌ಟೈಟಲ್ ಕೂಡ ತೆಗೆದೆ.

3ನೇ ಕಂತಿನ ಕೊನೆಯಲ್ಲಿ ದೋಣಿಯ ಮೇಲೆ ಒಂದು ಮುತ್ತಿದೆ. ಸಿಕ್ಕಿಬೀಳದಿರಲು ಮಾಡುವ ನಾಟಕ ಅದು. ಮ್ಯೂಟ್‌ನಲ್ಲಿ ನನಗೆ ಏನೂ ಅನಿಸಲಿಲ್ಲ. 4ನೇ ಕಂತಿನ ಕೊನೆಯಲ್ಲಿ ಮುತ್ತಿಲ್ಲ, ಕೈ ಹಿಡಿಯುವುದೂ ಇಲ್ಲ. ಕತ್ತಲಾದ ಮೇಲೆ ಮಾರುಕಟ್ಟೆಯಲ್ಲಿ ಅವಳು ದಾರಿ ತಪ್ಪಿರುತ್ತಾಳೆ. ಜನರ ತಲೆಗಳ ಮೇಲೆ ಒಂದು ಮೇಣದಬತ್ತಿ ಕಾಣುತ್ತದೆ. ಅವಳಿಗೆ ಗೊತ್ತಾಗಲಿ ಅಂತ ಅವನು ಕೈ ಎತ್ತಿ ಹಿಡಿದು ನಿಂತಿದ್ದಾನೆ. ಹಿಂದೊಮ್ಮೆ ಅವಳು ಪರಿಮಳದ ಮೇಣದಬತ್ತಿ ಕೇಳಿದಾಗ ಅವನು ತಂದಿದ್ದು ಸಾದಾ ಮೇಣದಬತ್ತಿ. ಈ ಸಲ ಪರಿಮಳದ್ದನ್ನೇ ತಂದಿದ್ದಾನೆ. ಅವಳ ಕಣ್ಣು ತುಂಬುತ್ತದೆ. ಸದ್ದಿಲ್ಲದೆ, ಸಬ್‌ಟೈಟಲ್ ಇಲ್ಲದೆ ನೋಡುತ್ತಿದ್ದ ನನಗೂ ತುಂಬಿತು.